ಎಣ್ಣೆ ನೀರು, ಪಂಚಾಯ್ತಿ ಕಟ್ಟೆ: ಚಿನ್ನದ ಗಣಿ ಸೀಮೆಯ ಮೈಮನಗಳ ಚರಿತ್ರೆ

ವಾರಕ್ಕೊಮ್ಮೆ ಎಣ್ಣೆ ನೀರು ಹಾಕಿಕೊಳ್ಳುವುದು, ಜಗಳ ಬಿದ್ದರೆ ಹಿರಿಯರನ್ನು ಕೂಡಿಸುವುದು: ಕೋಲಾರ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಇವೆರಡೂ ಗಣಿಯಷ್ಟೇ ಹಳೆಯ ರೂಢಿಗಳು. ಮೊದಲನೆಯದು ದುಡಿದ ಮೈಗೆ, ಎರಡನೆಯದು ಮನೆ ಮತ್ತು ಕೇರಿಯ ಮನಸ್ತಾಪಕ್ಕೆ. ಮನಸ್ಸಿನ ಕಾಯಿಲೆಗೆಂದು ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಒಂದು ಹುಚ್ಚಾಸ್ಪತ್ರೆ ನಡೆಸುತ್ತಿತ್ತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ತೀರ ಕೈಮೀರಿದವರನ್ನು ಬಿಟ್ಟರೆ ಅಲ್ಲಿಗೆ ಹೋಗುವವರಿರಲಿಲ್ಲ. ನಿದ್ದೆ ಬಾರದ ಗಣಿಗಾರ, ಗುಂಡಿಗೆ ಇಳಿಯಲು ಹೆದರುವ ಹುಡುಗ, ಕುಡಿದು ಬರುವ ಗಂಡನ ಜೊತೆ ಏಗುವ ಹೆಂಗಸು, ಇವರ ಸಂಕಟ ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಬರುವಂಥದ್ದಲ್ಲ. ಅದನ್ನು ಕೇರಿಯೇ ನೋಡಿಕೊಳ್ಳಬೇಕಿತ್ತು, ತನಗೆ ಗೊತ್ತಿದ್ದ ರೀತಿಯಲ್ಲಿ ನೋಡಿಕೊಂಡಿತು.

ಈ ಕೇರಿ ಹುಟ್ಟಿದ್ದು ತೀರ ಬೇಗ. ಊರಿಗಾಂ, ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನವಿದೆ ಎಂದು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲೇ ವರದಿ ಮಾಡಿದ್ದ. ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಲವೆಲ್ 1873ರಲ್ಲಿ ಪರವಾನಗಿ ಕೇಳಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಆಳದ ಗಣಿಗಾರಿಕೆ ನಿಜವಾಗಿ ಶುರುವಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ದೊಡ್ಡವಾಗಿ ನಿಂತವು. ಬೆಂಗಳೂರು–ಜೋಲಾರಪೇಟೆ ರೈಲುದಾರಿ 1864ರಿಂದಲೇ ಇತ್ತು. ಅದರ ಮೇಲಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗನ ಹೆಸರು ಹೊತ್ತ ಊರು. ಅಲ್ಲಿಂದ ಮಾರಿಕುಪ್ಪಂವರೆಗೆ 16 ಕಿಲೋಮೀಟರಿನ ಕವಲುದಾರಿ 1890ರ ದಶಕದಲ್ಲಿ ಬಂತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಸಾವಿರಾರು ಕುಟುಂಬಗಳು ಬೌರಿಂಗ್‌ಪೇಟೆಯಲ್ಲಿ ರೈಲು ಬದಲಿಸಿ ಗಣಿ ಸೇರಿದವು. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ಆದಿದ್ರಾವಿಡರು. ತೆಲುಗರೂ ಸುತ್ತಲ ಹಳ್ಳಿಗಳ ಕನ್ನಡಿಗರೂ ಇದ್ದರು. ಮೇಲಿನ ದರ್ಜೆಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು.

ಬಂದವರಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು. ಒಂದಕ್ಕೊಂದು ಅಂಟಿಕೊಂಡ ಸಾಲುಗಳಿಗೆ ಲೈನು ಎಂದು ಹೆಸರು. ತಟ್ಟಿಗೋಡೆಯ ಆಚೆ ಯಾರು ಕೆಮ್ಮಿದರು, ಯಾರು ಯಾರನ್ನು ಬೈದರು ಎಲ್ಲವೂ ಈಚೆಗೆ ಕೇಳುತ್ತದೆ. ಪಾಳಿ ಬೇರೆ ಬೇರೆಯಾದ್ದರಿಂದ ಒಂದು ಮನೆಯಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ ಪಕ್ಕದ ಮನೆಯವನಿಗೆ ನಡುರಾತ್ರಿ. ಊರಿನಲ್ಲಾದರೆ ಬೇಸರವಾದಾಗ ಹೊಲದ ಕಡೆ ನಡೆದು ಬರಬಹುದು. ಇಲ್ಲಿ ನಡೆದರೆ ಸಿಗುವುದು ಕಂಪನಿಯ ಬೇಲಿ, ಇಲ್ಲವೇ ಅದಿರು ಅರೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬ. ಬೇಸಿಗೆಯ ಗಾಳಿಗೆ ಆ ದಿಬ್ಬದ ಬಿಳಿ ದೂಳು ಎದ್ದು ಅನ್ನದ ತಟ್ಟೆಯವರೆಗೂ ಬರುತ್ತಿತ್ತು.

ಗುಂಡಿಯೊಳಗಿನ ಕೆಲಸ ಮೈಯ ಜೊತೆ ಮನಸ್ಸನ್ನೂ ಹಣ್ಣುಮಾಡುವಂಥದ್ದು. ಚಾಂಪಿಯನ್ ರೀಫ್ ಗಣಿ ಕೊನೆಗೆ 3,200 ಮೀಟರಿನಷ್ಟು ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆಯ ಶಾಖ ಸುಮಾರು 65 ಡಿಗ್ರಿ ಸೆಲ್ಸಿಯಸ್. ಮೇಲಿಂದ ತಣಿಸಿದ ಗಾಳಿ ಇಳಿಸದಿದ್ದರೆ ಅಲ್ಲಿ ನಿಲ್ಲಲೂ ಆಗದು. ಡ್ರಿಲ್ ಹಿಡಿದವನ ಮುಂಗೈಗೂ ಹೆಗಲಿಗೂ ದಿನವಿಡೀ ನಡುಕ. ಒಡೆದ ಕಲ್ಲು ತುಂಬುವವನಿಗೆ ಸೊಂಟ ಮುರಿಯುವ ದುಡಿಮೆ. ಬೆವರಿ ತೊಪ್ಪೆಯಾದವನು ಪಾಳಿ ಮುಗಿಸಿ ಮೇಲೆ ಬಂದರೆ ಕೋಲಾರ ಸೀಮೆಯ ಚಳಿಗಾಲದ ಗಾಳಿ ಮುಖಕ್ಕೆ ರಾಚುತ್ತದೆ. ಇದಕ್ಕಿಂತ ದೊಡ್ಡದು ಬಂಡೆ ಸಿಡಿಯುವ ಭಯ. ಆಳದ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಸುರಂಗ ಮುಚ್ಚಿಕೊಳ್ಳುವುದನ್ನು ಹಳೆಯ ವರದಿಗಳು ಏರ್‌ಬ್ಲಾಸ್ಟ್ ಎಂದು ಕರೆದವು. ದೊಡ್ಡ ಸಿಡಿತವಾದರೆ ಮೇಲಿನ ಮನೆಗಳ ಪಾತ್ರೆಪಡಗವೂ ಅಲುಗುತ್ತಿದ್ದವು. ಕೆಳಗಿರುವವನ ಹೆದರಿಕೆಯಲ್ಲಿ ಮೇಲಿರುವ ಮನೆಯವರಿಗೂ ಪಾಲು ಸಿಗುತ್ತಿದ್ದುದು ಹೀಗೆ.

ಇಂಥ ಮೈಗೆ ಮೊದಲ ಮದ್ದು ಎಣ್ಣೆ. ತಮಿಳು ಸೀಮೆಯಲ್ಲಿ ಗಂಡಸರಿಗೆ ಬುಧವಾರ, ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಂದು ಎಣ್ಣೆ ನೀರಿನ ವಾರಗಳು ಗೊತ್ತಾಗಿವೆ. ಕನ್ನಡ, ತೆಲುಗು ಮನೆಗಳಲ್ಲೂ ವಾರದ ಲೆಕ್ಕ ಸ್ವಲ್ಪ ಆಚೀಚೆಯಾಗಿ ಇದೇ ಪದ್ಧತಿ. ಗಣಿಯ ಪಾಳಿ ವಾರವನ್ನು ಲೆಕ್ಕಿಸುವುದಿಲ್ಲವಾದ್ದರಿಂದ ರಜೆಯ ದಿನವೇ ಎಣ್ಣೆಯ ದಿನವಾಗುವುದು ಸಹಜ. ಕೆಲಸದ ಕ್ರಮ ಸರಳ. ಎಳ್ಳೆಣ್ಣೆ ಅಥವಾ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಮೊದಲು ನೆತ್ತಿಗೆ ಒಂದು ಅಂಗೈಯಷ್ಟು ಹಾಕಿ ತಟ್ಟುತ್ತಾರೆ. ಆಮೇಲೆ ಕಿವಿಯ ಹಿಂಭಾಗ, ಕತ್ತಿನ ನರ, ಹೆಗಲು. ಬೆನ್ನಿಗೆ ಬಂದಾಗ ಕೈಯ ಬುಡವನ್ನು ಊರಿ ಮೇಲಿಂದ ಕೆಳಕ್ಕೆ ನೀವುತ್ತಾರೆ, ಮೊಣಕಾಲಿನ ಚಿಪ್ಪಿಗೆ ಮಾತ್ರ ಸುತ್ತು ಹಾಕಿ ತಿಕ್ಕುತ್ತಾರೆ. ಕೊನೆಗೆ ಬೆರಳುಗಳ ಲಟಿಕೆ ತೆಗೆಯುತ್ತಾರೆ. ಎಣ್ಣೆ ಇಳಿಯಲು ಒಂದಷ್ಟು ಹೊತ್ತು ಬಿಸಿಲಿಗೆ ಕೂರಿಸಿ, ಸುಡು ಸುಡು ನೀರು ಹೊಯ್ದು, ಸೀಗೆಪುಡಿಯಲ್ಲಿ ಜಿಡ್ಡು ಬಿಡಿಸುತ್ತಾರೆ. ಆ ದಿನ ಮೆಣಸಿನ ಸಾರು, ಬಿಸಿ ಅನ್ನ. ಹಗಲು ನಿದ್ದೆ ಕೂಡದು ಎಂಬುದು ಕಟ್ಟುನಿಟ್ಟು, ಅದನ್ನು ಮುರಿಯುವವರೂ ಅಷ್ಟೇ ಮಂದಿ. ಎಣ್ಣೆ ಮೈಯ ಉಷ್ಣ ತೆಗೆಯುತ್ತದೆ ಎಂಬುದು ಜನರ ವಿವರಣೆ. ಬಂಡೆಯ ಶಾಖದಲ್ಲಿ ದಿನಕ್ಕೆಂಟು ಗಂಟೆ ಬೆಂದವರಿಗೆ ಆ ವಿವರಣೆಯಲ್ಲಿ ಅನುಮಾನ ಬರಲು ಕಾರಣವಿರಲಿಲ್ಲ.

ನೀವುವ ಕೈ ಯಾರದು ಎಂಬುದೂ ಮುಖ್ಯ. ಹೆಂಡತಿ, ತಾಯಿ, ಅಜ್ಜಿ, ಅಥವಾ ಒಂದೇ ಪಾಳಿಯ ಗೆಳೆಯ. ಎಣ್ಣೆ ಹಚ್ಚುವ ಹೊತ್ತಿನಲ್ಲಿ ಇಬ್ಬರೂ ಎದುರುಬದುರು ಇರುವುದಿಲ್ಲ, ಒಬ್ಬರ ಬೆನ್ನು ಇನ್ನೊಬ್ಬರ ಕೈಗೆ ಸಿಕ್ಕಿರುತ್ತದೆ. ಮುಖ ನೋಡಿ ಹೇಳಲಾಗದ ಮಾತು ಆಗ ಹೊರಬರುತ್ತದೆ: ಸಾಲ ಎಷ್ಟಾಯಿತು, ಮೇಸ್ತ್ರಿ ಏನಂದ, ಕೆಳಗೆ ಮೊನ್ನೆ ಬಂಡೆ ಜಾರಿದಾಗ ಪಕ್ಕದಲ್ಲಿ ಯಾರಿದ್ದರು. ಇದನ್ನು ಯಾರೂ ಚಿಕಿತ್ಸೆ ಎಂದು ಕರೆದವರಲ್ಲ. ಆದರೂ ಮೈ ಹಗುರಾಯಿತು ಎಂದು ಎದ್ದವನ ಮಾತಿನಲ್ಲಿ ಎಣ್ಣೆಯ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಮೃದುವಾಗಿ ಒತ್ತಿ ನೀವಿದರೆ ಸ್ನಾಯುವಿನ ಬಿಗಿ ಸಡಿಲುತ್ತದೆ, ಉಸಿರು ನಿಧಾನವಾಗುತ್ತದೆ ಎಂಬಷ್ಟನ್ನು ಇಂದಿನ ವೈದ್ಯವೂ ಒಪ್ಪುತ್ತದೆ.

ಹೆಂಗಸರ ಪಾಲಿಗೆ ಎಣ್ಣೆಯ ದೊಡ್ಡ ಕಾಲ ಬಾಣಂತನ. ಚೊಚ್ಚಲು ಹೆರಿಗೆಗೆ ತೌರಿಗೆ ಹೋಗುವ ಪದ್ಧತಿ ಗಣಿಯವರಿಗೂ ಇದ್ದುದರಿಂದ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬಸುರಿಯರ ಓಡಾಟ ಸಾಮಾನ್ಯ ನೋಟ. ಊರಿನ ಸೂಲಗಿತ್ತಿ ಬಾಣಂತಿಯ ಸೊಂಟ, ಹೊಟ್ಟೆ, ಕಾಲಿಗೆ ಎಣ್ಣೆ ನೀವಿ, ಹಂಡೆಗಟ್ಟಲೆ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ, ಸೊಂಟಕ್ಕೆ ಬಟ್ಟೆ ಬಿಗಿಯುತ್ತಾಳೆ. ಮಗುವನ್ನು ಚಾಚಿದ ಕಾಲಮೇಲೆ ಬೋರಲು ಹಾಕಿ ಬೆನ್ನು ನೀವುವುದನ್ನು ನೋಡಿದರೆ ಹೊಸಬರಿಗೆ ಎದೆ ಝಲ್ಲೆನ್ನುತ್ತದೆ, ಮಗು ಮಾತ್ರ ಆಮೇಲೆ ಗಾಢ ನಿದ್ದೆ ಹೋಗುತ್ತದೆ. ಹೆತ್ತ ಹೊಸದರಲ್ಲಿ ಹೆಂಗಸರಿಗೆ ಕವಿಯುವ ಮಂಕನ್ನು ಇಂದು ವೈದ್ಯರು ಗುರುತಿಸಿ ಹೆಸರಿಟ್ಟಿದ್ದಾರೆ. ಅಂದಿನ ಬಾಣಂತನ ಅದಕ್ಕೆ ಕೊಟ್ಟಿದ್ದು ಕೆಲಸದಿಂದ ಬಿಡುವು, ದಿನಕ್ಕೊಮ್ಮೆ ಮೈ ಮುಟ್ಟುವ ಅನುಭವಸ್ಥೆಯ ಕೈ, ಪಕ್ಕದಲ್ಲೇ ತಾಯಿ. ಲೈನಿನಲ್ಲೇ ಉಳಿದು ಹೆತ್ತು, ಬೇಗನೆ ನೀರು ಹೊರಬೇಕಾದವಳಿಗೆ ಇವು ಯಾವುವೂ ದೊರೆಯುತ್ತಿರಲಿಲ್ಲ. ಬಾಣಂತನದ ಸೊಗಸನ್ನು ಹೊಗಳುವ ಬರಹಗಳು ಈ ಹೆಂಗಸರನ್ನು ಮರೆಯುವುದೇ ಹೆಚ್ಚು.

ಎಣ್ಣೆಗೆ ಬಗ್ಗದ ನೋವಿಗೆ ಬೇರೆ ಬೇರೆ ಬಾಗಿಲುಗಳಿದ್ದವು. ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸುವುದು ಕನ್ನಡ ನಾಡಿನ ಹಳೆಯ ನಂಬಿಕೆ. ಉಳುಕು ತೆಗೆಯುವವರು ಪ್ರತಿ ಕೇರಿಯಲ್ಲೂ ಒಬ್ಬರಿರುತ್ತಾರೆ. ಮೂಳೆ ಮುರಿದರೆ ಚಿತ್ತೂರು ಸೀಮೆಯ ಪುತ್ತೂರಿಗೆ ಹೋಗುತ್ತಿದ್ದರು. ಅಲ್ಲಿನ ರಾಜು ಮನೆತನದವರು ಮುರಿದ ಮೂಳೆಯನ್ನು ಕೈಯಿಂದಲೇ ಕೂಡಿಸಿ, ಸೊಪ್ಪಿನ ರಸ, ಮೊಟ್ಟೆಯ ಬಿಳಿ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟುವ ಪುತ್ತೂರು ಕಟ್ಟು 19ನೇ ಶತಮಾನದ ಕೊನೆಯಿಂದಲೂ ದಕ್ಷಿಣದಲ್ಲೆಲ್ಲ ಹೆಸರಾದದ್ದು. ತಮಿಳರ ಸಿದ್ಧವೈದ್ಯದಲ್ಲಿ ತೊಕ್ಕಣಂ ಎಂಬ ಮರ್ದನ ವಿದ್ಯೆಯೇ ಇದೆ, ತಟ್ಟುವುದು, ಹಿಡಿಯುವುದು, ಒತ್ತುವುದು, ತಿರುಚುವುದು ಮೊದಲಾಗಿ ಒಂಬತ್ತು ಬಗೆ. ಬೆಚ್ಚಿದ ಮಗುವಿಗೂ ಬೆಚ್ಚಿದ ಗಣಿಗಾರನಿಗೂ ದರ್ಗಾದಲ್ಲಿ ಊದಿಸಿ ತಾಯಿತ ಕಟ್ಟಿಸುವುದು, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ ನಿವಾಳಿಸುವುದು ಇದ್ದೇ ಇತ್ತು. ಇವುಗಳಲ್ಲಿ ಮೂಳೆ ಸರಿಯಾದದ್ದೂ ಉಂಟು, ಸೊಟ್ಟಗೆ ಕೂಡಿಕೊಂಡದ್ದೂ ಉಂಟು.

ಹುಡುಗರಿಗೆ ಗರಡಿ. ಕೋಲಾರ, ಬೆಂಗಳೂರು, ಮೈಸೂರು ಸೀಮೆಗಳಲ್ಲೆಲ್ಲ ಊರಿಗೊಂದರಂತೆ ಇದ್ದ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ. ತಮಿಳರು ತಂದ ಸಿಲಂಬ ಕನ್ನಡಿಗರ ದೊಣ್ಣೆವರಸೆಗೆ ತೀರ ಹತ್ತಿರದ ವಿದ್ಯೆ. ಸಾಮು ಮಾಡಿದ ಮೇಲೆ ಹಿರಿಯ ಪೈಲ್ವಾನ ಕಿರಿಯನ ಮೈ ನೀವುವುದು, ಕಿರಿಯ ಹಿರಿಯನದು ನೀವುವುದು ಗರಡಿಯ ಕಲಿಕೆಯ ಒಂದು ಭಾಗವೇ ಆಗಿತ್ತು. ಗರಡಿಯ ಇನ್ನೊಂದು ಗುಣ, ಅಲ್ಲಿ ಎದುರಾಳಿಯ ಮೇಲೆ ಕೈಮಾಡಲು ಕಟ್ಟಳೆಯಿತ್ತು. ಮಟ್ಟಿಗೆ ನಮಸ್ಕರಿಸಿ, ಕೈ ಮಿಲಾಯಿಸಿ ಇಳಿಯಬೇಕು. ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಗೆದ್ದವನು ಬಿದ್ದವನನ್ನು ಎತ್ತಬೇಕು. ಜಗಳವಾಡಿಯೂ ಸಂಬಂಧ ಉಳಿಸಿಕೊಳ್ಳುವ ಪಾಠವನ್ನು ಇಷ್ಟು ನೇರವಾಗಿ ಕಲಿಸಿದ ಶಾಲೆ ಆ ಸೀಮೆಯಲ್ಲಿ ಇನ್ನೊಂದಿಲ್ಲ. ಅದು ಗಂಡುಹುಡುಗರಿಗಷ್ಟೇ ತೆರೆದಿತ್ತು ಎಂಬುದನ್ನೂ ಸೇರಿಸಬೇಕು.

ಕಂಪನಿಯೂ ಮೈಯನ್ನು ನೋಡಿಕೊಳ್ಳುತ್ತಿತ್ತು, ತನ್ನದೇ ರೀತಿಯಲ್ಲಿ. ಚಾಂಪಿಯನ್ ರೀಫ್‌ನ ಗಣಿ ಆಸ್ಪತ್ರೆ ಆ ಕಾಲಕ್ಕೆ ಸುಸಜ್ಜಿತವಾದದ್ದು. ಗಾಯಾಳುಗಳಿಗೆ ಅಲ್ಲಿ ಒಳ್ಳೆಯ ಶುಶ್ರೂಷೆ ಸಿಗುತ್ತಿತ್ತು. ಆದರೆ ಗಣಿಯ ದೊಡ್ಡ ಕಾಯಿಲೆ ಹೊರಗೆ ಕಾಣುವ ಗಾಯವಾಗಿರಲಿಲ್ಲ. ಬಂಡೆಯ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು, ವರ್ಷಗಳ ಮೇಲೆ ಉಸಿರನ್ನೇ ಕಟ್ಟುವ ಸಿಲಿಕೋಸಿಸ್, ಅದರ ಬೆನ್ನಿಗೆ ಕ್ಷಯ. 1940ರಿಂದ 1946ರವರೆಗೆ ನಡೆದ ತಪಾಸಣೆಯಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್‌ನ ಗುರುತು ಸಿಕ್ಕಿತು. ಭಾರತದಲ್ಲಿ ಸಿಲಿಕೋಸಿಸ್ ಚರ್ಚೆ ಶುರುವಾದದ್ದೇ ಕೋಲಾರದ ಈ ಎದೆಗಳಿಂದ. ಇದಕ್ಕೆ ಎಣ್ಣೆಯೂ ಇಲ್ಲ, ಕಟ್ಟೂ ಇಲ್ಲ. ಬೇಕಾದದ್ದು ದೂಳು ಅಡಗಿಸಲು ನೀರು, ಒಳ್ಳೆಯ ಗಾಳಿ, ಪರಿಹಾರದ ಹಣ. ಇವನ್ನು ಪಡೆಯಲು ನೀವುವ ಕೈ ಸಾಲದು, ಜಗಳವಾಡಲೇಬೇಕು.

ಜಗಳ ಲೈನಿಗೆ ಹೊಸದಲ್ಲ. ನಲ್ಲಿಯ ಸರದಿ, ಮಕ್ಕಳ ಹೊಡೆದಾಟ, ಚೀಟಿ ಹಣ, ಸಂಬಳದ ದಿನ ಸಾಲಗಾರನ ಕಾಟ, ಸಾರಾಯಿ. ಇವೆಲ್ಲ ಸೇರಿ ಗಂಡ ಹೆಂಡಿರ ನಡುವೆ ಹೊತ್ತಿಕೊಳ್ಳುವುದು. ಅಕ್ಕಪಕ್ಕದವರನ್ನು ಅಣ್ಣ, ಅಕ್ಕ, ಮಾವ, ಚಿಕ್ಕಮ್ಮ ಎಂದೇ ಕರೆಯುವ ಕೇರಿಯಲ್ಲಿ ಜಗಳ ಬಿಡಿಸಲು ಬರುವವರಿಗೂ ಕೊರತೆಯಿರಲಿಲ್ಲ. ಅಲ್ಲಿಗೂ ಮುಗಿಯದಿದ್ದರೆ ಪಂಚಾಯ್ತಿ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ, ಬುಡಕಟ್ಟುಗಳ ಸಂಪುಟಗಳು 1928ರಿಂದ 1935ರ ನಡುವೆ ಅಚ್ಚಾದವು. ಹೆಚ್ಚುಕಡಿಮೆ ಪ್ರತಿ ಜಾತಿಯ ವಿವರದಲ್ಲೂ ಯಜಮಾನ, ಕೂಟ, ತಪ್ಪುದಂಡದ ಮಾತು ಅಲ್ಲಿ ಬರುತ್ತದೆ. ತಮಿಳು ಹಳ್ಳಿಯ ನಾಟ್ಟಾಮೆಯೂ ಕನ್ನಡ ಹಳ್ಳಿಯ ಯಜಮಾನನೂ ಮಾಡುವ ಕೆಲಸ ಒಂದೇ. ಗಣಿಗೆ ಬಂದವರು ಗಂಟುಮೂಟೆಯ ಜೊತೆ ಈ ಏರ್ಪಾಟನ್ನೂ ತಂದರು.

ಪಂಚಾಯ್ತಿಗೆ ಒಂದು ನಡೆ ಇತ್ತು. ದೂರು ತಂದವರು ಎಲೆಅಡಿಕೆ ಇಟ್ಟು ಯಜಮಾನನಿಗೆ ಹೇಳಬೇಕು. ಅವನು ಆ ಕ್ಷಣದಲ್ಲೇ ತೀರ್ಪು ಕೊಡುವುದಿಲ್ಲ, ದಿನ ಗೊತ್ತುಮಾಡುತ್ತಾನೆ. ಅಷ್ಟರಲ್ಲಿ ಅರ್ಧ ಜಗಳ ತಾನಾಗಿ ತಣ್ಣಗಾಗಿರುತ್ತದೆ. ಕೂಡಿದ ದಿನ ಎರಡೂ ಕಡೆಯವರು ಸ್ವಲ್ಪ ಹಣ ಮುಂದಿಡಬೇಕು, ಹೇಳಿದ್ದಕ್ಕೆ ಬದ್ಧ ಎಂಬುದರ ಗುರುತಾಗಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಹಾಕಿದರೆ ಅದಕ್ಕೂ ದಂಡ. ಹಿರಿಯರಲ್ಲಿ ಒಬ್ಬ ಕೇಳಿದ್ದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಿ, ನೀನು ಹೇಳಿದ್ದು ಇದೇ ತಾನೇ ಎಂದು ಒಪ್ಪಿಗೆ ಪಡೆಯುತ್ತಾನೆ. ಹಳೆಯ ಲೆಕ್ಕ ಕೆದಕಿದರೆ ಅದು ಬೇರೆ ದಿನದ ಮಾತು ಎಂದು ತಡೆಯುತ್ತಾನೆ. ಕೊನೆಗೆ ತಪ್ಪು ಕಂಡವರಿಂದ ದಂಡ ಕಟ್ಟಿಸಿ, ಇಬ್ಬರ ಕೈಯಲ್ಲೂ ತಾಂಬೂಲ ಬದಲಾಯಿಸಿ, ದಂಡದ ಹಣವನ್ನು ಅಮ್ಮನ ಜಾತ್ರೆಗೋ ಎಲ್ಲರ ಊಟಕ್ಕೋ ಹಾಕುತ್ತಾರೆ. ಕಾಲಾವಕಾಶ, ಸರದಿ, ಕೇಳಿದ್ದನ್ನು ತಿರುಗಿ ಹೇಳುವುದು, ಒಂದು ಸಲಕ್ಕೆ ಒಂದೇ ವಿಷಯ: ಇಂದಿನ ದಾಂಪತ್ಯ ಸಲಹೆಗಾರರು ಕಲಿಸುವ ಮುಖ್ಯ ಸಂಗತಿಗಳೆಲ್ಲ ಇದರೊಳಗೆ ಇವೆ.

ಆದರೆ ಈ ಕಟ್ಟೆಯನ್ನು ಹಾಡಿ ಹೊಗಳಲು ಸಾಧ್ಯವಿಲ್ಲ. ಕೂಟದಲ್ಲಿ ಕೂತವರು ಗಂಡಸರು. ಹೆಂಗಸಿನ ಮಾತನ್ನು ಅವಳ ಅಣ್ಣನೋ ಅಪ್ಪನೋ ಹೇಳಬೇಕು. ಹೊಡೆಸಿಕೊಂಡವಳಿಗೆ ಹೊಂದಿಕೊಂಡು ಹೋಗಮ್ಮ ಎನ್ನುವುದೇ ತೀರ್ಪಾದ ಕೂಟಗಳು ಎಷ್ಟೋ. ಜಾತಿ ಮೀರಿದ ಮದುವೆಗೆ ಅಲ್ಲಿ ಸಿಗುತ್ತಿದ್ದುದು ಬಹಿಷ್ಕಾರ. ಕಟ್ಟೆ ಉಳಿಸುತ್ತಿದ್ದುದು ಮನೆಯನ್ನು. ಆ ಮನೆಯೊಳಗೆ ಯಾರು ನಲುಗಿದರು ಎಂದು ಅದು ಕೇಳುತ್ತಿದ್ದುದು ಅಪರೂಪ.

ಕಟ್ಟೆಯ ಈ ಕುರುಡಿಗೆ ಮೊದಲ ಪೆಟ್ಟು ಕೊಟ್ಟವರು ಗಣಿಯ ಬೌದ್ಧರು. ಮದರಾಸಿನ ಪಂಡಿತ ಅಯೋತಿದಾಸರು ಸ್ವತಃ ಸಿದ್ಧವೈದ್ಯರು. 1898ರಲ್ಲಿ ಅವರು ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆ ಗಟ್ಟಿಯಾದ ಬೆಂಬಲ ಸಿಕ್ಕಿತು. ಅವರು 1907ರಲ್ಲಿ ಶುರುಮಾಡಿದ ತಮಿಳನ್ ಪತ್ರಿಕೆಯನ್ನು ಅವರು ತೀರಿಕೊಂಡ ಮೇಲೆ, 1926ರಲ್ಲಿ, ಜಿ. ಅಪ್ಪಾದುರೈ ಗಣಿಯಿಂದಲೇ ಮತ್ತೆ ಹೊರಡಿಸಿದರು. ಹುಟ್ಟಿನಿಂದ ಯಾರೂ ಕೀಳಲ್ಲ ಎಂಬುದು ಈ ಚಳವಳಿಯ ಮೂಲಮಾತು. ಪಂಚಶೀಲದ ಐದನೆಯ ನಿಯಮ ಮದ್ಯ ಬಿಡುವುದಾದ್ದರಿಂದ ಕುಡಿತದ ವಿರುದ್ಧದ ಮಾತು ಅದರೊಳಗೇ ಬಂತು. ಆಮೇಲೆ ಬಂದ ಪೆರಿಯಾರರ ಸ್ವಾಭಿಮಾನ ಚಳವಳಿ ಪುರೋಹಿತರಿಲ್ಲದ ಮದುವೆ, ಗಂಡು ಹೆಣ್ಣಿನ ಸಮಾನತೆಯ ಮಾತು ತಂದಿತು. ಸಂಜೆಯ ಓದುಕೂಟದಲ್ಲಿ ಪತ್ರಿಕೆ ಓದಿಸಿಕೊಂಡು ವಾದ ಮಾಡುವುದು ಗಣಿಗಾರನಿಗೆ ಹೊಸ ಅಭ್ಯಾಸ. ಯಜಮಾನ ಹೇಳಿದ ಮೇಲೂ ಪ್ರಶ್ನೆ ಕೇಳಬಹುದು ಎಂಬುದನ್ನು ಅವನು ಅಲ್ಲಿ ಕಲಿತ.

ಮೈಯ ಮಾತೂ ಜಗಳದ ಮಾತೂ ಒಂದೇ ಕಡೆ ಕೂಡಿಬಂದದ್ದು 1930ರಲ್ಲಿ. ಚಿನ್ನದ ಕಳವಿನ ಅನುಮಾನ ಕಂಪನಿಗೆ ಮೊದಲಿನಿಂದಲೂ ಇತ್ತು. ಮೇಲೆ ಬಂದವರ ಮೈ ತಡಕುವುದು ದಿನದ ಕೆಲಸ. ಈಗ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸುವ ಏರ್ಪಾಟು ತಂದಾಗ ಲೈನುಗಳು ಕೆರಳಿದವು. ಬೆರಳೊತ್ತಿಸುವುದು ಕಳ್ಳರಿಗೆ ಮಾಡುವ ಕೆಲಸ ಎಂಬುದು ಅವರ ಭಾವನೆ. 16,000ದಷ್ಟು ಜನ ಸುಮಾರು ಮೂರು ವಾರ ಗುಂಡಿಗಿಳಿಯಲಿಲ್ಲ. ಆಗ ಗಣಿಯಲ್ಲಿ ನೋಂದಾಯಿತ ಕಾರ್ಮಿಕ ಸಂಘವೇ ಇರಲಿಲ್ಲ. ಕೂಲಿ ಹೆಚ್ಚಿಸಿ ಎಂದು ಹೂಡುವ ಮುಷ್ಕರ ಎಲ್ಲ ಕಡೆ ಇದ್ದದ್ದೇ. ಈ ಮುಷ್ಕರಕ್ಕೆ ಕಾರಣವಾದದ್ದು ಅವಮಾನ, ಅದರಲ್ಲೂ ಮೈಗೆ ಆದ ಅವಮಾನ. ಗಣಿಯ ಮನಸ್ಸಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವರ್ಷವಿಲ್ಲ ಎನ್ನಬೇಕು. ನುಂಗಿಕೊಂಡಿದ್ದ ಸಿಟ್ಟು ಮನೆಯೊಳಗೆ ಹೆಂಡತಿಯ ಮೇಲೋ ಸಾರಾಯಿ ಅಂಗಡಿಯಲ್ಲೋ ತೀರುವ ಬದಲು, ಅದು ಯಾರ ಮೇಲಿನ ಸಿಟ್ಟೋ ಅವರ ಮುಂದೆಯೇ ನಿಂತಿತು.

ಅದಕ್ಕೊಂದು ಶಾಶ್ವತ ರೂಪ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. 1940ರ ದಶಕದ ಮೊದಲಲ್ಲಿ ಮೈಸೂರು ಸರ್ಕಾರ ಕಾರ್ಮಿಕ ಕಾಯ್ದೆ ತಂದು ಸಂಘಗಳಿಗೆ ಮಾನ್ಯತೆ ಕೊಟ್ಟಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಕಮ್ಯುನಿಸ್ಟ್ ಮುಂದಾಳುಗಳು ಲೈನುಗಳಲ್ಲಿ ಸಭೆ ಕಟ್ಟಿದರು. 1946ರ ಹೋರಾಟದ ವೇಳೆ ನವೆಂಬರ್ 4ರಂದು ಪೊಲೀಸ್ ಕಾರ್ಯಾಚರಣೆಯಲ್ಲಿ ಆರು ಕಾರ್ಮಿಕರು ಸತ್ತರು. ಗಣಿಯವರು ಇಂದಿಗೂ ಅವರನ್ನು ಹುತಾತ್ಮರೆಂದು ನೆನೆಯುತ್ತಾರೆ. ವಾಸನ್ 1952ರಲ್ಲಿ ಮೈಸೂರು ವಿಧಾನಸಭೆಗೆ ಗಣಿಯಿಂದ ಆರಿಸಿ ಬಂದರು. ಈ ನಡುವೆ 1947ರ ಕೈಗಾರಿಕಾ ವಿವಾದ ಕಾಯ್ದೆ ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಡಳಿತದವರೂ, ಅವರಿಗಿಂತ ಕಡಿಮೆಯಿಲ್ಲದ ಸಂಖ್ಯೆಯಲ್ಲಿ ಕಾರ್ಮಿಕರೂ ಕೂರುವ ಕಾರ್ಯಸಮಿತಿಗೆ ದಾರಿಮಾಡಿತು. ದಿನದಿನದ ತಕರಾರು ಕಿಡಿಯಾಗುವ ಮೊದಲೇ ಮೇಜಿನ ಮೇಲೆ ಬರಲಿ ಎಂಬುದು ಅದರ ಉದ್ದೇಶ. ಪಂಚಾಯ್ತಿಯಲ್ಲಿ ಯಜಮಾನ ಮಾಡುತ್ತಿದ್ದುದನ್ನು ಇಲ್ಲಿ ನಿಯಮ ಮಾಡಬೇಕಿತ್ತು. ಸಮಿತಿಗಳು ಕೆಲವೊಮ್ಮೆ ಚಹಾ ಕುಡಿದು ಏಳುವ ಸಭೆಗಳಾದದ್ದೂ ಸುಳ್ಳಲ್ಲ. ಸಂಘಗಳೂ ಪಕ್ಷಗಳಾಗಿ ಒಡೆದು ತಮ್ಮ ತಮ್ಮಲ್ಲೇ ಕಾದಾಡಿದವು. ಹಾಗಿದ್ದರೂ ದೂಳು, ಗಾಳಿ, ಪರಿಹಾರ, ಮನೆ ಇವೆಲ್ಲ ಬೇಡಿಕೆಗಳಾಗಿ ಕಾಗದಕ್ಕಿಳಿದದ್ದು ಸಂಘಗಳಿಂದಲೇ.

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರ ಕೊನೆಯಲ್ಲಿ ಕೇಂದ್ರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಮೇಲೆ 2001ರ ಫೆಬ್ರವರಿ 28ರಂದು ಮುಚ್ಚಿತು.

ಮುಚ್ಚಿದ ಮೇಲೆ ಮೈಯ ದುಡಿಮೆಯೂ ಬದಲಾಯಿತು, ಜಗಳದ ಜಾಗವೂ ಬದಲಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗಾರ್ಮೆಂಟ್ಸು, ಕಟ್ಟಡ ಕೆಲಸ, ಸೆಕ್ಯುರಿಟಿ ಎಂದು ಗಂಡಸರೂ ಹೆಂಗಸರೂ ನಸುಕಿನಲ್ಲೇ ಹೊರಟು ರಾತ್ರಿ ಮರಳುತ್ತಾರೆ. ಗುಂಡಿಗೆ ಇಳಿಯುತ್ತಿದ್ದವನ ಸೊಂಟನೋವು ಈಗ ರೈಲಿನಲ್ಲಿ ನಿಂತು ಹೋಗುವವಳದು. ಎಣ್ಣೆ ನೀರಿಗೆ ಭಾನುವಾರವೇ ಗತಿ. ಸಂಬಳ ತರುವ ಹೆಂಡತಿ, ಗಣಿಯಿಂದ ಬರಬೇಕಾದ ಹಣಕ್ಕೆ ಕಾಯುತ್ತ ಮನೆಯಲ್ಲಿ ಕೂತ ಗಂಡ, ಇಂಥ ಮನೆಯ ಮನಸ್ತಾಪಕ್ಕೆ ಹಳೆಯ ಕಟ್ಟೆಯಲ್ಲಿ ಉತ್ತರವಿರಲಿಲ್ಲ. ಸಂಘವಂತೂ ಗಣಿಯ ಜೊತೆಗೇ ಬಡವಾಯಿತು.

ಈ ಖಾಲಿ ಜಾಗಕ್ಕೆ ಸರ್ಕಾರದ ಏರ್ಪಾಟುಗಳು ಒಂದೊಂದಾಗಿ ಬಂದವು. ಕಷ್ಟದಲ್ಲಿರುವ ಹೆಂಗಸರಿಗೆ ಸಲಹೆ, ಆಸರೆ ಕೊಡಲು ಕರ್ನಾಟಕ 2000ದ ಹೊತ್ತಿಗೆ ಸಾಂತ್ವನ ಯೋಜನೆ ತಂದಿತು. 2006ರ ಅಕ್ಟೋಬರಿನಲ್ಲಿ ಜಾರಿಯಾದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಹೊಡೆಸಿಕೊಂಡವಳು ತಾನೇ ಬಾಯಿಬಿಟ್ಟು ಹೇಳುವ ಹಕ್ಕನ್ನು ಕೊಟ್ಟಿತು. ಜಗಳವನ್ನು ರಾಜಿಗೆ ತರುವ ಮೊದಲು ಇಬ್ಬರೂ ಸಮಾನವಾಗಿ, ಹೆದರಿಕೆಯಿಲ್ಲದೆ ಕೂರಬಲ್ಲರೇ ಎಂದು ನೋಡುವುದು ಈ ಹೊಸ ಪದ್ಧತಿಯ ಮುಖ್ಯ ನಿಯಮ. ಹೊಡೆತವಿರುವ ಮನೆಯಲ್ಲಿ ರಾಜಿ ಮಾತು ಆಮೇಲಿನದು, ರಕ್ಷಣೆ ಮೊದಲು. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರ ಗಂಡ ಹೆಂಡಿರ ವ್ಯಾಜ್ಯಗಳನ್ನು ಕೋರ್ಟಿನ ಹೊರಗೆ ಕೂತು ಮಾತಾಡಿ ಬಗೆಹರಿಸುವ ಮಾದರಿ ತೋರಿಸಿತು.

ಮನಸ್ಸಿನ ವೈದ್ಯವೂ ತಡವಾಗಿ ತಾಲ್ಲೂಕಿಗೆ ಇಳಿಯಿತು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡತೊಡಗಿತು. ಕಾರಣ ಸಿಗದ ಮೈಕೈ ನೋವು, ಎದೆ ಉರಿ, ಸುಸ್ತು, ನಿದ್ದೆಗೇಡು ಎಂದು ಬರುವವರಲ್ಲಿ ಎಷ್ಟೋ ಮಂದಿಯದು ಮನಸ್ಸಿನ ಬೇಗುದಿ ಎಂಬುದು ಆ ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಅಲ್ಲಿನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಇದನ್ನೇ ಸರಳ ಕನ್ನಡದ ಪುಸ್ತಕಗಳಲ್ಲಿ ಮನೆಮನೆಗೆ ಮುಟ್ಟಿಸಿದರು. 2014ರಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಾಯಿತು. ಆಗ ಗಣಿ ಬಂಗಾರಪೇಟೆ ತಾಲ್ಲೂಕಿಗೇ ಸೇರಿತ್ತು, ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಎಂಬ ಹೆಸರಿನಲ್ಲಿ ಅದು ಬೇರೆ ತಾಲ್ಲೂಕಾದದ್ದು 2018ರಲ್ಲಿ. ಇಂಥ ಹೊರರೋಗಿ ವಿಭಾಗಕ್ಕೆ ಬಂದವರು ಮೊದಲು ಹೇಳುವುದು ಸೊಂಟನೋವು, ಕತ್ತುನೋವು. ಎಣ್ಣೆ ಹಚ್ಚಿಸಿಕೊಂಡಿರಾ, ಯಾರು ಹಚ್ಚಿದರು, ಮನೆಯಲ್ಲಿ ಯಾರ್‍ಯಾರಿದ್ದೀರಿ, ಮಾತುಕತೆ ಹೇಗಿದೆ ಎಂದು ಒಂದೊಂದೇ ಕೇಳುತ್ತ ಹೋಗುವ ವೈದ್ಯರಿಗೆ ಉಳಿದ ಸಂಗತಿಗಳೂ ತಿಳಿಯುತ್ತವೆ.